ಗುಲಾಬಿಯ ಮದುವೆಗೆ ಹುಳದ ತಿಂಡಿ

ಮದುವೆ ಊಟಕ್ಕೆ ಹೋದಾಗ ನಾನು ಮೊದಲು ನೋಡುವುದು ಮದುಮಗಳನ್ನಲ್ಲ, ಪಾಯಸವನ್ನು. ಅದೂ ಶಾವಿಗೆ ಪಾಯಸವಾದರೆ ಸ್ವಲ್ಪ ಹೊತ್ತು ದಿಟ್ಟಿಸುತ್ತೇನೆ. ದಿಟ್ಟಿಸಬಾರದು. ಬಿಳಿ ಹಾಲಿನಲ್ಲಿ ಸಪೂರ ಎಳೆಗಳು ಒಂದರ ಮೇಲೊಂದು ಹೊರಳಿಕೊಂಡು ಮಲಗಿರುವುದನ್ನು ಮನಸ್ಸಿಟ್ಟು ನೋಡಿದವರು ಮತ್ತೆ ಅದನ್ನು ಬಾಯಿಗಿಡಲಾರರು. ಚಕ್ಕುಲಿಯದ್ದೂ ಅದೇ ಕಥೆ. ಮುಟ್ಟಿದರೆ ಸುರುಳಿ ಸುತ್ತಿಕೊಳ್ಳುವ ನೂರು ಕಾಲಿನ ಪ್ರಾಣಿಗೆ ನಮ್ಮ ಶಾಲೆಯ ಮಕ್ಕಳು ಚಕ್ಕುಲಿ ಹುಳ ಎಂದೇ ಹೆಸರಿಟ್ಟಿದ್ದಾರೆ. ಮನುಷ್ಯ ತನಗೆ ಅಸಹ್ಯವಾದದ್ದನ್ನೆಲ್ಲ ಹಿಟ್ಟಿನಲ್ಲಿ ಮಾಡಿ, ಎಣ್ಣೆಯಲ್ಲಿ ಕರಿದು, ತಿಂದು ಸೇಡು ತೀರಿಸಿಕೊಳ್ಳುತ್ತಾನೆ ಎಂಬುದು ನನ್ನ ಸಂಶೋಧನೆ. ಮಾಸ್ತರಿಕೆಯ ಇಪ್ಪತ್ತೈದು ವರ್ಷಗಳಲ್ಲಿ ಇದನ್ನು ಯಾರಿಗೂ ಹೇಳಿಲ್ಲ. ಪಂಕ್ತಿಯಲ್ಲಿ ಕೂತು ಹೇಳುವ ಮಾತಲ್ಲ.

ಈ ವಿಷಯದಲ್ಲಿ ಮುಚ್ಚುಮರೆ ಇಲ್ಲದವರೆಂದರೆ ನಮ್ಮ ಕಲ್ಯಾಣಪುರದ ಕೊಂಕಣಿ ಕ್ರೈಸ್ತರು. ಕ್ರಿಸ್ಮಸ್ಸಿಗೆ ಅವರು ಮಾಡುವ ಒಂದು ತಿಂಡಿಯ ಹೆಸರೇ ಕಿಡಿಯೊ, ಎಂದರೆ ಹುಳಗಳು. ಮೈದಾಹಿಟ್ಟನ್ನು ತೆಂಗಿನ ಹಾಲಿನಲ್ಲಿ ಕಲಸಿ, ನೆಲ್ಲಿಕಾಯಿಗಿಂತ ಚಿಕ್ಕ ಉಂಡೆ ಮಾಡಿ, ಹೊಸ ಬಾಚಣಿಗೆಯ ಹಲ್ಲುಗಳ ಮೇಲೆ ಒತ್ತಿ ಸುರುಳಿ ಸುತ್ತಿದರೆ ಮೈತುಂಬ ಗೆರೆಗಳಿರುವ ಹುಳ ಸಿದ್ಧ. ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಿದರೆ ಬೂಷ್ಟು ಹಿಡಿದ ಹಾಗೆ ಬೆಳ್ಳಗಾಗುತ್ತದೆ. ಬಾಯಿಗೆ ಹಾಕಿದ ಮೇಲೆ ಮಾತ್ರ ಇದೆಲ್ಲ ಮರೆತುಹೋಗುತ್ತದೆ.

ಪಕ್ಕದ ಮನೆಯ ಲಿಲ್ಲಿಬಾಯಿ ಪ್ರತಿವರ್ಷ ನಮಗೊಂದು ತಟ್ಟೆ ಕಳಿಸುತ್ತಿದ್ದರು. ನನ್ನ ಮಗಳು ಗುಲಾಬಿ ಅದರಲ್ಲಿ ಹುಳಗಳನ್ನು ಮಾತ್ರ ಆರಿಸಿಕೊಳ್ಳುವಳು. ತಿನ್ನುವುದಕ್ಕೂ ಒಂದು ಕ್ರಮ ಇತ್ತು. ಹುಳ ಮೊದಲು ನನ್ನ ಮೊಣಕೈಯಿಂದ ಹೆಗಲಿನವರೆಗೆ ಹರಿಯಬೇಕು. ನಾನು ಎರಡೂ ಕೈ ಮೇಲೆತ್ತಿ "ಅಯ್ಯಯ್ಯೋ, ಹುಳ!" ಎಂದು ಕಿರುಚಬೇಕು. ಕಿರುಚಿದ್ದು ಸಾಲದಿದ್ದರೆ ಹುಳ ಮತ್ತೆ ಮೊಣಕೈಗೆ ಬರುತ್ತಿತ್ತು. ಅವಳಿಗೆ ಒಪ್ಪಿಗೆಯಾದ ಮೇಲೆ "ಹೆದರ್ಬೇಡಿ ಅಪ್ಪ, ನಾನು ತಿಂದುಬಿಡ್ತೇನೆ" ಎಂದು ಬಾಯಿಗೆ ಹಾಕಿಕೊಂಡು ನನ್ನನ್ನು ಕಾಪಾಡುತ್ತಿದ್ದಳು. ಹೆದರುವುದು ನನ್ನ ಹುಟ್ಟುಗುಣ. ಮೋಡ ಕಂಡರೆ ಕೊಡೆಯ ಚಿಂತೆ. ಕೊಡೆ ಬಿಚ್ಚಿದರೆ ಅದರ ಕಡ್ಡಿ ಯಾರ ಕಣ್ಣಿಗೆ ಚುಚ್ಚೀತೋ ಎಂಬ ಚಿಂತೆ. ನಲವತ್ತೆಂಟು ವರ್ಷಗಳಲ್ಲಿ ಈ ಗುಣಕ್ಕೆ ಒಂದು ಉಪಯೋಗ ಕಂಡುಹಿಡಿದವಳು ಅವಳೊಬ್ಬಳೇ.

ಅವಳಿಗೆ ಐದು ತುಂಬಿದ ವರ್ಷ ಡಿಸೆಂಬರಿನಲ್ಲಿ ಜ್ವರ ಬಂತು. ಆಗ ಮಣಿಪಾಲ ಬರೀ ಬೋಳುಗುಡ್ಡ, ಈಗಿನ ಹಾಗೆ ಡಾಕ್ಟರರ ಊರಲ್ಲ. ಜ್ವರದ ಹಿಂದೆಯೇ ಲಿಲ್ಲಿಬಾಯಿಯ ತಟ್ಟೆಯೂ ಬಂತು. ಗುಲಾಬಿ ಮಲಗಿದಲ್ಲಿಂದಲೇ "ಹುಳ ಕೊಡಿ" ಎಂದಳು. ಎಣ್ಣೆಯಲ್ಲಿ ಕರಿದದ್ದು, ಜ್ವರದ ಹೊಟ್ಟೆ, ನನ್ನಂಥವನು ಕೊಡುತ್ತಾನೆಯೆ? "ಜ್ವರ ಬಿಡಲಿ, ನಾಳೆ ಕೊಡುತ್ತೇನೆ" ಎಂದು ತಟ್ಟೆಯನ್ನು ಅವಳ ಕಣ್ಣಿಗೆ ಬೀಳದ ಹಾಗೆ ನಾಗಂದಿಗೆಯ ಮೇಲಿಟ್ಟೆ. ಮರುದಿನವೂ ನಾಳೆ ಎಂದೆ. ಮೂರನೆಯ ದಿನ ಕೇಳಲು ಅವಳಿರಲಿಲ್ಲ.

ಒಂದು ಹುಳ ತಿಂದಿದ್ದರೆ ಏನೂ ಆಗುತ್ತಿರಲಿಲ್ಲ, ಆ ಜ್ವರಕ್ಕೂ ತಿಂಡಿಗೂ ಸಂಬಂಧವೇ ಇಲ್ಲ ಎಂದು ವೈದ್ಯರು ಆಮೇಲೆ ಹೇಳಿದರು. ನನ್ನ ಸಮಾಧಾನಕ್ಕೆಂದು ಹೇಳಿದ್ದಿರಬೇಕು.

ಹದಿನಾರು ವರ್ಷ ಕಳೆಯಿತು. ಹೋದ ವರ್ಷ ಆಟಿ ತಿಂಗಳಲ್ಲಿ, ಎಂದರೆ ಆಷಾಢದ ಮಳೆಯಲ್ಲಿ, ಗುಲಾಬಿಯ ಮದುವೆಯಾಯಿತು.

ಪರವೂರಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ತೀರಿಹೋದ ಮಕ್ಕಳು ತೀರಿಹೋಗಿ ಸುಮ್ಮನಿರುವುದಿಲ್ಲ, ಅಲ್ಲಿಯೂ ಬೆಳೆಯುತ್ತಾರೆ. ಪ್ರಾಯಕ್ಕೆ ಬಂದಾಗ ಮದುವೆ ಕೇಳುತ್ತಾರೆ. ಆಗ ಅದೇ ಪ್ರಾಯದ, ಹೀಗೆಯೇ ಹೋದ ಒಬ್ಬ ಹುಡುಗನನ್ನು ಹುಡುಕಿ, ಜಾತಿ, ಗೋತ್ರದ ಹಾಗಿರುವ ಬಳಿ ಎಲ್ಲ ನೋಡಿ, ಬದುಕಿರುವವರಿಗೆ ಮಾಡುವ ಹಾಗೆಯೇ ದಿಬ್ಬಣ, ಸೀರೆ, ಊಟ ಎಲ್ಲ ಮಾಡುವುದು. ಕುಲೆಗಳ ಮದುವೆ, ಎಂದರೆ ಪ್ರೇತಗಳ ಮದುವೆ ಎನ್ನುತ್ತಾರೆ. ಕಾಪುವಿನಲ್ಲಿ ನನ್ನ ಹೆಂಡತಿಯ ತವರು. ಅಲ್ಲಿಯ ಯಜಮಾನಿಕೆ ಅವಳ ಅಕ್ಕನದು, ನಮಗೆಲ್ಲ ದೊಡ್ಡಕ್ಕ. ದೊಡ್ಡಕ್ಕನ ಮಗಳಿಗೆ ಬಂದ ಸಂಬಂಧಗಳೆಲ್ಲ ತಪ್ಪಿಹೋಗುತ್ತಿದ್ದವು. ಜೋಯಿಸರು ಕವಡೆ ಇಟ್ಟು ನೋಡಿ "ಅವಳಿಗಿಂತ ದೊಡ್ಡವಳೊಬ್ಬಳು ಕಾಯ್ತಾ ಇದ್ದಾಳಲ್ಲ" ಎಂದರು. ಎರ್ಮಾಳಿನಲ್ಲಿ ಹುಡುಗ ಸಿಕ್ಕಿದ. ಏಳನೆಯ ವಯಸ್ಸಿನಲ್ಲಿ ಹೋದವನು. ಇದನ್ನೆಲ್ಲ ನಂಬುತ್ತೀರಾ ಎಂದು ನನ್ನನ್ನು ಕೇಳಬೇಡಿ. ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವನು ನಾನು. ಹುಡುಗನ ಮನೆ ಕಡಲಿಗೆ ತೀರಾ ಹತ್ತಿರವಂತೆ ಎಂದು ಕೇಳಿ, ಮಗಳು ಹೇಗಿರುತ್ತಾಳೋ ಎಂದು ಎರಡು ದಿನ ಸರಿಯಾಗಿ ಊಟ ಮಾಡದವನೂ ನಾನೇ.

ನಮ್ಮ ಅಳಿಯಕಟ್ಟಿನ ಪದ್ಧತಿಯಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಮಗಳ ಮದುವೆಯಲ್ಲಿ ಅಪ್ಪ ಒಬ್ಬ ಗೌರವದ ನೆಂಟ. ದೊಡ್ಡಕ್ಕ ನನಗೆ ವಹಿಸಿದ್ದು ಒಂದೇ ಕೆಲಸ: ಉಡುಪಿಗೆ ಹೋಗಿ ಮದುಮಗಳಿಗೆ ಸೀರೆ, ಬಳೆ, ಕುಂಕುಮ, ಬಾಚಣಿಗೆ ತರುವುದು. ಅದಾಯಿತು. ಆಮೇಲೆ ನಾನಾಗಿಯೇ ಒಂದು ಕೆಲಸ ಹಚ್ಚಿಕೊಂಡು ಲಿಲ್ಲಿಬಾಯಿಯ ಅಡುಗೆಮನೆಯ ಬಾಗಿಲಲ್ಲಿ ನಿಂತೆ.

"ಕಿಡಿಯೊ ಮಾಡ್ಲಿಕ್ಕೆ ಕಲಿಸಿ."

"ಈಗಲಾ? ಕ್ರಿಸ್ಮಸ್ಸಿಗೆ ಇನ್ನೂ ಐದು ತಿಂಗಳುಂಟು ಮಾಸ್ಟ್ರೇ!"

"ಗುಲಾಬಿಯ ಮದುವೆ ಉಂಟು."

ಅವರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಅವರ ಧರ್ಮದಲ್ಲಿ ಇಂಥದ್ದಕ್ಕೆ ಜಾಗವಿಲ್ಲ. ಆದರೂ "ಎಷ್ಟು ಜನಕ್ಕೆ?" ಎಂದು ಕೇಳಿ ಮೈದಾ ಡಬ್ಬಿ ಇಳಿಸಿದರು.

ಹಿಟ್ಟು ಹದವಾದ ಮೇಲೆ "ಹೊಸ ಬಾಚಣಿಗೆ ಬೇಕಲ್ಲ" ಎಂದರು. ನನ್ನಲ್ಲಿತ್ತು! ಓಡಿಹೋಗಿ ತಂದುಕೊಟ್ಟೆ. ಜೀವಮಾನದಲ್ಲಿ ಒಮ್ಮೆಯಾದರೂ ಬೇಕಾದ ವಸ್ತು ಬೇಕಾದ ಹೊತ್ತಿಗೆ ನನ್ನಲ್ಲಿತ್ತಲ್ಲ ಎಂಬ ಹೆಮ್ಮೆ ಬೇರೆ. ಒತ್ತಿದೆ, ಸುತ್ತಿದೆ. "ಎಂತ ಮಾಸ್ಟ್ರೇ ಇದು, ಹುಳವಾ ಹೆಬ್ಬಾವಾ?" ಎಂದು ಲಿಲ್ಲಿಬಾಯಿ ನಕ್ಕರು. ಹೆಬ್ಬಾವುಗಳು ತೆಳ್ಳಗಾಗುತ್ತ ಬರುವಷ್ಟರಲ್ಲಿ ನನ್ನ ಹೆಂಡತಿ ಬಂದು ನಿಂತಳು. ನನ್ನ ಕೈ ನೋಡಿದಳು.

"ಅದು ಅವಳ ಬಾಚಣಿಗೆ ಅಲ್ವಾ?"

ಮದುಮಗಳ ಬಾಚಣಿಗೆಯ ಹಲ್ಲುಹಲ್ಲಿನಲ್ಲೂ ಹಿಟ್ಟು. ತೊಳೆದೆ, ಉಜ್ಜಿದೆ, ತೆಂಗಿನ ಕಡ್ಡಿಯಿಂದ ಕೆದಕಿದೆ. ಕೊನೆಯ ಎರಡು ಹಲ್ಲುಗಳ ನಡುವೆ ಒಂದು ಚೂರು ಜಪ್ಪಯ್ಯ ಎಂದರೂ ಬರಲಿಲ್ಲ. ಈಗಲೇ ಉಡುಪಿಗೆ ಹೋಗಿ ಬೇರೆ ತರುತ್ತೇನೆ ಎಂದು ಚಪ್ಪಲಿ ಮೆಟ್ಟಿದೆ. ಹೆಂಡತಿ ಬಾಚಣಿಗೆಯನ್ನು ಸೆರಗಿನಲ್ಲಿ ಒರೆಸಿದಳು. "ಬೇಡ. ಅವಳ ತಲೆಯಲ್ಲಿ ತಿಂಡಿಯ ಚೂರು ಇರದ ದಿನ ಯಾವುದಿತ್ತು ಹೇಳಿ?" ಎಂದಳು. ಹದಿನಾರು ವರ್ಷಗಳಲ್ಲಿ ಗುಲಾಬಿಯ ಬಗ್ಗೆ ಅವಳು ನಗುತ್ತ ಆಡಿದ ಮೊದಲ ಮಾತು. ನಗು ಅರ್ಧಕ್ಕೇ ನಿಂತಿತು, ಅದು ಬೇರೆ.

ಬಿಸ್ಕಿಟಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕಾಪುವಿಗೆ ಹೋದೆವು. ಡಬ್ಬಿ ತೆರೆದ ದೊಡ್ಡಕ್ಕ ಹೌಹಾರಿದಳು. "ಮದುವೆಯ ಎಲೆಗೆ ಹುಳ ಬಡಿಸ್ತೀರಾ ಮಾಸ್ಟ್ರೇ? ನಿಮಗೆ ಮರ್ಲಾ? ಎರ್ಮಾಳಿನವರು ಎಂತ ಹೇಳಿಯಾರು?"

"ಕೇಳಿದ್ದಳು ಅಕ್ಕ. ನಾಳೆ ಕೊಡ್ತೇನೆ ಅಂದಿದ್ದೆ."

ದೊಡ್ಡಕ್ಕ ಡಬ್ಬಿ ಕೈಗೆತ್ತಿಕೊಂಡಳು. ಎಲೆಯ ಮೇಲಿನ ಲಾಡನ್ನು ಬದಿಗೆ ಸರಿಸಿ ಜಾಗ ಮಾಡಿಕೊಟ್ಟಳು.

ಎರಡು ಮಣೆ. ಒಂದರ ಮೇಲೆ ಸೀರೆ, ಬಳೆ, ಆ ಬಾಚಣಿಗೆ. ಇನ್ನೊಂದರ ಮೇಲೆ ಪಂಚೆ, ಅಂಗಿ. ಹಾರ ಹಾಕಿದ್ದಾಯಿತು. ದೀಪ ಹಚ್ಚುವ ಹೊತ್ತಿಗೆ ಉಳಿದದ್ದನ್ನೂ ಬಡಿಸಿ, ಬಾಗಿಲು ಮುಂದೆ ಮಾಡಿ, ಮದುಮಕ್ಕಳು ಉಣ್ಣಲಿ ಎಂದು ಎರಡೂ ಕಡೆಯವರು ಜಗಲಿಯಲ್ಲಿ ಕುಳಿತೆವು. ಸ್ವಲ್ಪ ಹೊತ್ತು ಬಿಟ್ಟು ದೊಡ್ಡಕ್ಕ ಬಾಗಿಲು ತೆರೆದಳು. ಎಲೆಯಲ್ಲಿದ್ದ ಒಂದು ಹುಳ ಕೆಳಗಿಳಿದು ಹೊಸ್ತಿಲಿನತ್ತ, ನಾನಿದ್ದ ಕಡೆಗೆ, ಸರಿಯುತ್ತಿತ್ತು.

ಇರುವೆಗಳು. ನನ್ನ ಕಣ್ಣಿನಿಂದಲೇ ಕಂಡೆ, ಅದನ್ನು ಎಳೆಯುತ್ತಿದ್ದವು ಇರುವೆಗಳು. ಆದರೆ ಎರಡೂ ಕೈ ತಾವಾಗಿಯೇ ಮೇಲೆ ಹೋದವು.

"ಅಯ್ಯಯ್ಯೋ, ಹುಳ!"

ಮದುವೆ ಮನೆಯಿಡೀ ನನ್ನತ್ತ ತಿರುಗಿತು. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಬೆಳಗ್ಗಿನಿಂದ ಕಂಬಕ್ಕೆ ಒರಗಿ ಕೂತಿದ್ದ ಹುಡುಗನ ಅಪ್ಪ, ಕಡಲಿಗಿಳಿದು ಇಳಿದು ಕಪ್ಪಾದ ದೊಡ್ಡ ಆಳು, ಎದ್ದು ಬಂದು ಬಗ್ಗಿ ನೋಡಿದರು.

"ನನ್ನವನೂ ಹೀಗೇ ಬೀಗರೇ. ಅಲೆಗೆ ಹೆದರ್ತಿರಲಿಲ್ಲ. ಹುಳ ಕಂಡರೆ ಮಾತ್ರ ಓಡಿಬಂದು ನನ್ನ ಹೆಗಲು ಹತ್ತುತ್ತಿದ್ದ." ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡರು. "ಅಪ್ಪನ ಮೇಲೆಯೇ ಹುಳ ಬಿಡುವ ನಿಮ್ಮ ಮಗಳು ಇನ್ನು ಅವನನ್ನು ಬಿಡ್ಲಿಕ್ಕಿಲ್ಲ."

ಇಷ್ಟು ವರ್ಷ ನನ್ನ ಚಿಂತೆಗಳಿಗೆಲ್ಲ ಯಜಮಾನನಾಗಿ ಕೂತದ್ದು ನಾಗಂದಿಗೆಯ ಮೇಲಿನ ಆ ತಟ್ಟೆ. ಅದೇನೂ ಎದ್ದು ಹೋಗಿಲ್ಲ. ಸ್ವಲ್ಪ ಸರಿದು ಕೂತಿದೆ, ಅಷ್ಟೆ. ಆ ಜಾಗದಲ್ಲಿ ಈಗ ಅಳಿಯನ ಚಿಂತೆ. ಹುಡುಗ ಓಡುತ್ತಾನೆ ಸರಿ, ಸಾಕಷ್ಟು ಜೋರಾಗಿ ಕಿರುಚುತ್ತಾನೋ ಇಲ್ಲವೋ. ಕಿರುಚದಿದ್ದರೆ ಅವಳು ಹುಳವನ್ನು ಮತ್ತೆ ಮೊಣಕೈಗೆ ತರುತ್ತಾಳೆ. ಪಾಪ, ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.