ಮಗನ ಬಾಯಲ್ಲಿ ಅವನದಲ್ಲದ ಮಾತು

ಕಳೆದ ವರ್ಷ ನನ್ನ ಮಗ ಪ್ರಜ್ವಲನ ತರಗತಿಯ ಮಕ್ಕಳಿಗೆ ಶಾಲೆಯಲ್ಲಿ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಹತ್ತನೇ ತರಗತಿ. ಇದ್ದಿದ್ದರೆ ಅವನೂ ಆ ದಿನ ಹೊಸ ಅಂಗಿ ಹಾಕಿಕೊಂಡು ಹೋಗುತ್ತಿದ್ದ. ಆದರೆ ಅದಕ್ಕೂ ಮೊದಲೇ, ಮಳೆಗಾಲ ಮುಗಿಯುತ್ತಾ ಬಂದ ಹೊತ್ತಿನಲ್ಲಿ, ಟ್ಯೂಶನ್‌ಗೆಂದು ಸೈಕಲ್ ಹತ್ತಿ ಹೋದವನು ಹೈವೇ ದಾಟುವಾಗ ಲಾರಿ ಬಡಿದು ತೀರಿಕೊಂಡಿದ್ದ.

ನಮ್ಮ ಮನೆ ಕುಮಟಾ ಪೇಟೆಯಿಂದ ಸ್ವಲ್ಪ ದೂರ. ನಾನು ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಹೋಗುತ್ತೇನೆ. ನನ್ನ ಯಜಮಾನರು ಹೊನ್ನಾವರ ಕಡೆಗೆ ಟೆಂಪೋ ಓಡಿಸುತ್ತಾರೆ. ಪ್ರಜ್ವಲ ಹೋದ ಮೇಲೆ ನಮಗೆ ಉಳಿದವಳು ಸಣ್ಣ ಮಗಳು ಸಾನ್ವಿ. ಆಗ ಅವಳು ಎರಡನೇ ತರಗತಿ.

ಬೀಳ್ಕೊಡುಗೆಯ ಹಿಂದಿನ ದಿನ ಪ್ರಜ್ವಲನ ಕ್ಲಾಸ್ ಟೀಚರ್ ಶೈಲಾ ಅಕ್ಕೋರು ಫೋನ್ ಮಾಡಿದರು. "ನೀವು ಬರ್ಲೇಬೇಕು. ಮಕ್ಕಳು ನಿಮಗಾಗಿಯೇ ಒಂದು ಕಾರ್ಯಕ್ರಮ ಮಾಡಿದ್ದಾರೆ" ಅಂದರು. ಎಂತದು ಅಂತ ಕೇಳಿದರೆ, ನೋಡಿದ ಮೇಲೆ ಗೊತ್ತಾಗುತ್ತದೆ ಅಂದರು. ಯಜಮಾನರು "ಆ ಶಾಲೆ ಮೆಟ್ಟಿಲು ಹತ್ಲಿಕ್ಕೆ ನನ್ನ ಹತ್ರ ಆಗುದಿಲ್ಲ ಮಾರಾಯ್ತಿ, ನೀನು ಹೋಗಿ ಬಾ" ಅಂದರು. ನಾನು ಸಾನ್ವಿಯ ಕೈ ಹಿಡಿದುಕೊಂಡು ಹೋದೆ.

ಮಕ್ಕಳು ನಮ್ಮನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಹಾಡು, ಡ್ಯಾನ್ಸ್ ಎಲ್ಲ ಆಯಿತು. ಆಮೇಲೆ ಕಿಟಕಿ ಮುಚ್ಚಿ ಗೋಡೆಯ ಮೇಲೆ ಪ್ರೊಜೆಕ್ಟರ್ ಬೆಳಕು ಬಿಟ್ಟರು. ನನ್ನ ಮಗನ ಫೋಟೋ ಬಂತು. ಟ್ರಿಪ್ಪಿಗೆ ಹೋದಾಗ ಅಪ್ಸರಕೊಂಡ ಜಲಪಾತದ ಹತ್ತಿರ ತೆಗೆದದ್ದು, ಕೂದಲು ಒದ್ದೆಯಾಗಿ ಹಣೆಗೆ ಅಂಟಿತ್ತು. ನೋಡುತ್ತಿದ್ದ ಹಾಗೆಯೇ ಆ ಫೋಟೋ ಕಣ್ಣು ಮಿಟುಕಿಸಿತು. ತುಟಿ ಅಲ್ಲಾಡಿತು.

"ಪ್ರೀತಿಯ ಅಮ್ಮ, ನೀವು ಅಳಬೇಡಿ. ನಾನು ಸದಾ ನಿಮ್ಮೊಂದಿಗೆ ಇದ್ದೇನೆ. ಆ ದಿನ ನನಗೆ ಸ್ವಲ್ಪವೂ ನೋವಾಗಲಿಲ್ಲ."

ಧ್ವನಿ ಅವನದೇ. ಆಗಷ್ಟೇ ಒಡೆಯುತ್ತಿದ್ದ ಗಂಟಲು, ಅದೇ ದೊರಗು. ಆದರೆ ಅವನು ನನ್ನನ್ನು ಹುಟ್ಟಿದಾಗಿನಿಂದ ಕರೆದದ್ದು 'ಆಯಿ' ಅಂತ. ಬಹುವಚನ ಕೊಟ್ಟವನೇ ಅಲ್ಲ. "ಆಯಿ, ಹಶಿವಾತು, ಎಂತ ಮಾಡಿದ್ಯೆ?" ಅಂತ ಬಾಗಿಲಿಂದಲೇ ಕೂಗುತ್ತಾ ಬರುವವನು.

ಹಾಗಿದ್ದರೂ ಆ ಕೊನೆಯ ಮಾತು ನನ್ನ ಎದೆಯೊಳಗೆ ಹೋಗಿ ಕೂತಿತು. ಆಸ್ಪತ್ರೆಗೆ ನಾನು ಮುಟ್ಟುವಾಗ ಅವನ ಮೇಲೆ ಬಟ್ಟೆ ಹೊದೆಸಿ ಆಗಿತ್ತು. ಅವನಿಗೆ ನೋವಾಯಿತೋ, ನನ್ನನ್ನು ಕರೆದನೋ, ಎಷ್ಟು ಹೊತ್ತು ಜೀವ ಇತ್ತೋ ಅಂತ ಡಾಕ್ಟರನ್ನು ಕೇಳಿದೆ, ಪೊಲೀಸರನ್ನು ಕೇಳಿದೆ. ಯಾರೂ ಸರಿಯಾಗಿ ಹೇಳಲಿಲ್ಲ. ಈಗ ಅವನೇ ಬಂದು ಹೇಳಿದ ಹಾಗಾಯಿತು. ನಿಜ ಹೇಳುತ್ತೇನೆ, ಒಂದು ಗಳಿಗೆ ನನ್ನ ಮೈಯೆಲ್ಲ ಹಗುರ ಆಗಿಹೋಯಿತು.

ದೀಪ ಹಾಕಿದರು. ಮಕ್ಕಳೆಲ್ಲ ಅಳುತ್ತಿದ್ದರು. ಪ್ರಜ್ವಲನ ಪಕ್ಕದಲ್ಲೇ ಕೂರುತ್ತಿದ್ದ ನಿತಿನ್ ಹತ್ತಿರ ಬಂದು ನನ್ನ ಕಾಲ ಬಳಿ ಕೂತ.

"ನಾನೇ ಮಾಡಿದ್ದು ಆಂಟಿ. ಅವ ನಂಗೆ ಕಳಿಸಿದ ವಾಯ್ಸ್ ಮೆಸೇಜ್ ಎಲ್ಲ ಹಾಕಿ ಎಐ ಹತ್ರ ಮಾಡಿಸ್ದೆ. ನಿಮ್ಗೆ ಖುಷಿ ಆತಾ?"

ನಾನು ಅವನ ತಲೆ ಸವರಿದೆ. "ನೋವಾಗಲಿಲ್ಲ ಅಂತ ನಿಂಗೆ ಹ್ಯಾಂಗೆ ಗೊತ್ತಾತು ಮಗಾ? ಯಾರಾದ್ರೂ ನೋಡಿದವರು ಹೇಳಿದ್ರಾ?"

ಅವನು ಗಲಿಬಿಲಿಗೊಂಡ. "ಅದು ನಾನು ಬರೆದದ್ದಲ್ಲ ಆಂಟಿ. ಅಮ್ಮನಿಗೆ ಸಮಾಧಾನ ಆಗುವ ಹಾಗೆ ಬರೆ ಅಂತ ಎಐಗೆ ಹೇಳ್ದೆ. ಅದೇ ಬರೆದು ಕೊಡ್ತು."

ಅಷ್ಟು ಹೊತ್ತು ಬಾರದ ಅಳು ನನಗೆ ಆಗ ಬಂತು. ಎರಡನೇ ಸಲ ಮಗನನ್ನು ಕಳೆದುಕೊಂಡ ಹಾಗೆ ಅತ್ತೆ. ನಿತಿನ್ ಹೆದರಿ ಎದ್ದು ನಿಂತ. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಅವನೂ ಸ್ನೇಹಿತನನ್ನು ಕಳೆದುಕೊಂಡ ಹುಡುಗ. ಆದರೆ ಆ ಮಾತು ಯಾರ ಬಾಯಿಂದಲೂ ಬಂದದ್ದಲ್ಲ, ಸುಮ್ಮನೆ ಎಲ್ಲಿಂದಲೋ ಹುಟ್ಟಿದ್ದು ಅನ್ನುವುದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

ಆಮೇಲಿನ ಭಾನುವಾರ ಶೈಲಾ ಅಕ್ಕೋರು ಮನೆಗೆ ಬಂದರು. ಚಾ ಕೊಟ್ಟರೂ ಕುಡಿಯಲಿಲ್ಲ. "ಈ ವರ್ಷ ಮಕ್ಕಳಿಗೆ ಎಐ ಬಗ್ಗೆ ಪಾಠ ಮಾಡಿದವಳು ನಾನೇ. ಅದರಿಂದ ಎಂತೆಲ್ಲ ಮಾಡಬಹುದು ಅಂತ ಕಲಿಸಿದೆ. ವಿಡಿಯೋ ಮೊದಲೇ ನೋಡಿದ್ದೆ, ನಂಗೂ ಕಣ್ಣೀರು ಬಂದಿತ್ತು. ನಿಮ್ಮನ್ನು ಒಂದು ಮಾತು ಕೇಳಬೇಕು ಅಂತ ಮಾತ್ರ ಹೊಳೀಲಿಲ್ಲ" ಅಂದರು. ಅದನ್ನು ಎಲ್ಲರ ಫೋನಿನಿಂದಲೂ ಅಳಿಸಿ ಹಾಕಿಸಿದ್ದೇನೆ ಅಂದರು. ಯಜಮಾನರು ಅಷ್ಟೂ ಹೊತ್ತು ಅಂಗಳದಲ್ಲೇ ನಿಂತಿದ್ದರು. ಕೊನೆಗೆ ಒಳಗೆ ಬಂದು ಕೇಳಿದ್ದು ಒಂದೇ: "ಅವ ಎಂತ ಹೇಳಿದ ಅದ್ರಲ್ಲಿ?"

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಅಕ್ಕೋರು ಕರೆದರು ಅಂತ ನಾನು ಹೊಸ ಹತ್ತನೇ ತರಗತಿಯ ಮಕ್ಕಳ ಹತ್ತಿರ ಮಾತಾಡಲು ಹೋದೆ. ಭಾಷಣ ಮಾಡಲು ನನಗೆ ಬರುವುದಿಲ್ಲ. ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ಒಬ್ಬಳು ಹುಡುಗಿ ಎದ್ದು, "ಮೊದಲೇ ಕೇಳಿದ್ದರೆ ನೀವು ಹ್ಞೂಂ ಅಂತಿದ್ರಾ?" ಅಂತ ಕೇಳಿದಳು.

"ಫೋಟೋ ಹಾಕಿ, ಅವನು ನಿಜವಾಗಿ ಕಳಿಸಿದ ಮೆಸೇಜ್ ಕೇಳಿಸಿ ಅಂತಿದ್ದೆ. ಅವನು ಆಡದ ಮಾತು ಬೇಡ ಅಂತಿದ್ದೆ" ಅಂದೆ. ಯಾರ ಮುಖ, ಯಾರ ಧ್ವನಿ ಬಳಸುವುದಿದ್ದರೂ ಮೊದಲು ಅವರನ್ನು ಅಥವಾ ಮನೆಯವರನ್ನು ಕೇಳಬೇಕು, ಯಂತ್ರ ಬರೆದದ್ದನ್ನು ಯಂತ್ರ ಬರೆದದ್ದೆಂದೇ ಹೇಳಬೇಕು ಅಂತ ಅಕ್ಕೋರು ಆ ತರಗತಿಯಲ್ಲಿ ಈಗ ಕಟ್ಟುನಿಟ್ಟು ಮಾಡಿದ್ದಾರೆ. ಒಳ್ಳೆಯದೇ ಆಯಿತು.

ಆದರೆ ಸಾನ್ವಿ ಆ ವಿಡಿಯೋ ಮರೆತಿರಲಿಲ್ಲ. ಒಂದು ದಿನ ಪಕ್ಕದ ಮನೆಯವರ ಹತ್ತಿರ, "ನಮ್ಮ ಅಣ್ಣನಿಗೆ ನೋವೇ ಆಗ್ಲಿಲ್ಲಂತೆ, ಅವನೇ ಹೇಳಿದ" ಅನ್ನುತ್ತಿದ್ದಳು. ಅವಳನ್ನು ಒಳಗೆ ಕರೆದು ತೊಡೆಯ ಮೇಲೆ ಕೂರಿಸಿಕೊಂಡೆ. ಹಾಗೇ ನಂಬಿಕೊಂಡಿರಲಿ ಅಂತ ಬಿಡಬಹುದಿತ್ತು. ಆದರೆ ನಾಳೆ ದೊಡ್ಡವಳಾಗಿ ಅವಳಿಗೇ ಗೊತ್ತಾದರೆ, ಅಣ್ಣನ ನೆನಪಿನಲ್ಲಿ ಬೇರೆ ಯಾವುದನ್ನೂ ಅವಳು ನಂಬಲಾರಳು ಅನಿಸಿತು.

"ಅದು ಅಣ್ಣ ಹೇಳಿದ್ದಲ್ಲ ಪುಟ್ಟಿ. ಮಷೀನ್ ಹೇಳಿದ್ದು" ಅಂದೆ.

ಅವಳು ನನ್ನ ಮುಖ ನೋಡಿದಳು. "ಹಾಗಾರೆ ಅಣ್ಣನಿಗೆ ನೋವಾಗಿತ್ತಾ ಆಯಿ?"

"ಗೊತ್ತಿಲ್ಲ ಮಗಾ" ಅಂದೆ.

ಅವಳು ನನ್ನ ಕುತ್ತಿಗೆ ತಬ್ಬಿಕೊಂಡಳು. ವಿಡಿಯೋದ ಆ ಮೂರು ಸಾಲು ಕೇಳದೇ ಇದ್ದಿದ್ದರೆ, ಗೊತ್ತಿಲ್ಲ ಅನ್ನುವ ಮಾತು ಇಷ್ಟು ಭಾರ ಆಗುತ್ತಿರಲಿಲ್ಲವೇನೋ. ಈಗಲೂ ಅಂಗಡಿಯಲ್ಲಿ ಯಾರಾದರೂ ಹದಿನೈದು ವರ್ಷದ ಹುಡುಗನಿಗೆ ಅಂಗಿ ತೋರಿಸಿ ಅಂದರೆ ನನಗೆ ಮಗನ ಧ್ವನಿ ಕೇಳಬೇಕು ಅನಿಸುತ್ತದೆ. ಕಣ್ಣು ಮುಚ್ಚಿದರೆ ಮೊದಲು ಬರುವುದು 'ಅಮ್ಮ' ಅನ್ನುವ ಆ ಧ್ವನಿ. ಅದನ್ನು ಸರಿಸಿ, ನನ್ನ ಪ್ರಜ್ವಲ 'ಆಯಿ' ಅಂತ ಕರೆಯುವ ತನಕ ಸೀರೆ ಮಡಚುತ್ತಾ ಕಾಯುತ್ತೇನೆ.