ಹದಿಮೂರು ಕಟ್ಟು ಅಂಚೆಚೀಟಿಯ ಪಾಲು

ಮಾವ ತೀರಿಕೊಂಡ ಮೇಲೆ ಗಂಡುಮಕ್ಕಳಿಬ್ಬರೂ ಬೇರೆಯಾಗುವುದೆಂದು ಗೊತ್ತಾಯಿತು. ಹೊಲ, ಮನೆ, ದನ ಎಲ್ಲ ಎರಡೇ ದಿನದಲ್ಲಿ ಹಂಚಿ ಮುಗಿಯಿತು. ಹುಮನಾಬಾದಿನ ಮನೆ ಭಾವನವರಿಗೆ, ಎಲ್ಲರೂ ಕೂಡಿ ಇದ್ದ ಬಸವಕಲ್ಯಾಣದ ಮನೆ ನಮಗೆ. ಎಮ್ಮೆ ಅವರಿಗೆ, ಎರಡು ಆಕಳು ನಮಗೆ. ಬೀಸುವ ಕಲ್ಲು ಒಂದೇ ಇತ್ತು. ಹೊತ್ತು ಒಯ್ಯುವುದಕ್ಕೆ ಬೇಸರಪಟ್ಟು ಭಾವ ಅದನ್ನು ನಮಗೇ ಬಿಟ್ಟರು. ಕೊನೆಗೆ ಉಳಿದದ್ದು ಒಂದು ಟ್ರಂಕು ಹಳೆಯ ಅಂಚೆಚೀಟಿ.

ಮಾವ ಹುಮನಾಬಾದಿನ ಕಾಳಿನ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಹೈದರಾಬಾದಿನಿಂದ, ಸೊಲ್ಲಾಪುರದಿಂದ ಬಂದ ಲಕೋಟೆಗಳ ಚೀಟಿಯನ್ನು ಕಾಗದದ ಸಮೇತ ಕತ್ತರಿಸಿ, ದಾರ ಬಿಗಿದು, ಇಟ್ಟಿಗೆಯಂಥ ಕಟ್ಟು ಮಾಡಿ ಇಡುತ್ತಿದ್ದರು. ನಿಜಾಮನ ಕಾಲದ ಉರ್ದು ಅಕ್ಷರದವೂ ಇದ್ದವು, ಆಮೇಲಿನವೂ ಇದ್ದವು. ಯಾಕೆ ಇದೆಲ್ಲ ಎಂದು ಅತ್ತೆ ಕೇಳಿದರೆ, "ಮುಂದ ಬೆಲಿ ಬರ್ತದ" ಎನ್ನುತ್ತಿದ್ದರು. ಅತ್ತೆ ಹೋದರು, ಅವರೂ ಹೋದರು. ಬೆಲೆ ಬರಲಿಲ್ಲ.

ಕಟ್ಟು ಹದಿಮೂರು, ಮಕ್ಕಳು ಇಬ್ಬರು.

"ಏಳು ನನಗ, ಆರು ನಿನಗ. ಹಿರಿಯಾವ ನಾನು," ಎಂದರು ಭಾವ.

"ಹಿರಿಯಾವ ಅಂತ ಎಮ್ಮಿ ಒಯ್ದಿ. ಟಿಕೇಟಿನ್ಯಾಗೂ ಹಿರಿತನ ಏನಣ್ಣಾ?" ಎಂದರು ನಮ್ಮವರು. "ಬೊಂಬಾಯಿಯಾಗ ಇಂಥಾವು ತಗೊಂಡು ಹೊಲಾನ ಬರದ ಕೊಡ್ತಾರಂತ."

"ಯಾರ ಕೊಟ್ಟಾರ? ಯಾರ ನೋಡ್ಯಾರ?" ಎಂದು ಬಾಗಿಲ ಮರೆಯಿಂದ ಕೇಳಿದೆ. ಯಾರೂ ನೋಡಿರಲಿಲ್ಲ. ಆದರೂ ಇಬ್ಬರೂ ಟ್ರಂಕಿನ ಮೇಲಿನ ಕೈ ತೆಗೆಯಲಿಲ್ಲ.

ನನಗೆ ಚೀಟಿ ಬೇಕಿರಲಿಲ್ಲ, ನನ್ನದೇ ಒಂದು ಒಲೆ ಬೇಕಿತ್ತು. ಹತ್ತು ವರ್ಷ ನೆಗೆಣ್ಣಿಯ, ಎಂದರೆ ಭಾವನ ಹೆಂಡತಿಯ, ಕೈಕೆಳಗೆ ಅಡುಗೆ ಮಾಡಿದ್ದೆ. ಕಟ್ಟಿಗೆ ಹಾಗಲ್ಲ ಹೀಗೆ ಇಡು, ಬೆಂಕಿ ಹೀಗಲ್ಲ ಹಾಗೆ ಊದು. ನಮ್ಮಲ್ಲಿ ಪಾಲಿನ ಪತ್ರಕ್ಕೆ ಹೆಬ್ಬೆಟ್ಟು ಬೀಳುವ ತನಕ ಒಂದೇ ಒಲೆ ಉರಿಯಬೇಕು. ಮೊದಲೇ ಬೇರೆ ಒಲೆ ಹಚ್ಚಿದರೆ ಜಗಳಾಡಿ ಹೊರಬಿದ್ದವರು ಎನ್ನಿಸಿಕೊಳ್ಳುತ್ತೇವೆ. ಹಾಗಾಗಿ ಹದಿಮೂರನೆಯ ಕಟ್ಟು ಅಡ್ಡ ಬಿದ್ದು ನನ್ನ ಒಲೆ ನಿಂತಿತು.

ಹೊಲ, ಮನೆ ಹಂಚಿಕೊಟ್ಟಿದ್ದ ಊರ ಪಂಚರು ಸೋಮವಾರ ಮತ್ತೆ ಕೂತರು. ಹದಿಮೂರನೆಯ ಕಟ್ಟನ್ನು ಬಿಚ್ಚಿ, ಜಮಖಾನದ ಮೇಲೆ ಒಂದು ಇಲ್ಲಿ ಒಂದು ಅಲ್ಲಿ ಎಂದು ಹಂಚಿದರು. ಮಧ್ಯಾಹ್ನದ ತನಕ ಹಂಚಿದರು. ಎರಡು ಗುಡ್ಡೆ ಇನ್ನೇನು ಸಮ ಆಗಬೇಕು, ಹಿರಿಯ ಪಂಚರು ಮೂಗಿಗೆ ನಶ್ಯ ಏರಿಸಿದರು. ಒಂದೇ ಸೀನು. ಗುಡ್ಡೆ ಎರಡೂ ಹಾರಿ ಒಂದಾದವು.

ಗುಡ್ಡೆ ಕೆಟ್ಟದ್ದು ಯಾರಿಗೂ ದೊಡ್ಡದಾಗಲಿಲ್ಲ. ಒಂಟಿ ಸೀನು ಅಪಶಕುನ, ಅದು ದೊಡ್ಡದಾಯಿತು.

"ಇನ್ನೊಂದು ಸೀನ್ರಿ ಕಾಕಾ, ಜೋಡಿ ಆದ್ರ ದೋಷ ಇಲ್ಲ," ಎಂದರು ನಮ್ಮವರು.

ಕಾಕಾ ಮತ್ತೊಂದು ಚಿಟಿಕೆ ಏರಿಸಿದರು. ಬಾಯಿ ತೆರೆದರು, ಕಣ್ಣು ಮುಚ್ಚಿದರು. ನಾವೆಲ್ಲ ಉಸಿರು ಹಿಡಿದು ನೋಡಿದೆವು. ಬರಲಿಲ್ಲ.

"ಬರವಲ್ದು ನೋಡಪಾ. ಮುಂದಿನ ಸೋಮವಾರ ಕೂಡೋಣು," ಎಂದು ಎದ್ದರು.

ಮರುದಿನ ಗಂಡಸರು ತೊಗರಿ ರಾಶಿಗೆ ಹೋದರು. ನಾನು ಟ್ರಂಕು ತೆಗೆದು, ಹನ್ನೆರಡು ಕಟ್ಟಿನ ದಾರ ಹರಿದು, ಪಂಚರು ಬಿಚ್ಚಿದ ಹದಿಮೂರನೆಯದನ್ನೂ ಸೇರಿಸಿ ದೊಡ್ಡ ಹಂಡೆಯ ನೀರಿಗೆ ಸುರಿದೆ. ನಮ್ಮ ಕಡೆ ಹೆಂಗಸರು ಹಳೆಯ ಕಾಗದವನ್ನು ನೆನೆಹಾಕಿ, ಮೆಂತ್ಯ ಸೇರಿಸಿ ಕುಟ್ಟಿ, ಬೋರಲು ಹಾಕಿದ ಕೊಡದ ಮೇಲೆ ಮೆತ್ತಿ ಒಣಗಿಸಿ, ಹಿಟ್ಟು ತುಂಬಿಡುವ ಬುಟ್ಟಿ ಮಾಡುತ್ತಾರೆ. ಚೀಟಿಯೂ ಕಾಗದವೇ.

ನೆಗೆಣ್ಣಿ ಬಂದು ನಿಂತಳು.

"ಏನ ಮಾಡಾಕತ್ತೀ?"

"ಕಾಣಂಗಿಲ್ಲೇನಕ್ಕಾ? ನೆನಿ ಹಾಕಾಕತ್ತೀನಿ."

ಬೊಬ್ಬೆ ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಹೋಗಿ ತಲಬಾಗಿಲಿನ ಅಗಳಿ ಹಾಕಿ ಬಂದಳು.

"ಮೆಂತ್ಯಾ ಎಲ್ಲಿ?"

"ಮೆಂತ್ಯೇದ ಡಬ್ಬಿಗೆ ನೀನ ಕೀಲಿ ಹಾಕೀದಿ."

ಸೊಂಟದ ಕೀಲಿ ಬಿಚ್ಚಿ ಕೊಟ್ಟಳು. "ಬೇಕಾದಷ್ಟು ತಗೋ. ಲಗೂ ಹುಮನಾಬಾದಿಗೆ ಹೋದ್ರ ನಿನ್ನ ಮಾರಿ ನೋಡೂದರ ತಪ್ಪತದ."

"ನನಗೂ ಅಷ್ಟ ಪುಣ್ಯ ಬರಲಿ ಅಕ್ಕಾ."

ನೆನೆದ ಮೇಲೆ ಇಬ್ಬರೂ ಒರಳಿಗೆ ಕೂತು ಕುಟ್ಟಿದೆವು. ಹತ್ತು ವರ್ಷದಲ್ಲಿ ನಾವು ಜಗಳವಿಲ್ಲದೆ ಮಾಡಿದ ಕೆಲಸ ಅದೊಂದೇ. ರುಬ್ಬಿದ ಹಿಟ್ಟಿನಂತಾದ ಕಾಗದವನ್ನು ಅವಳು ಎರಡು ಮುದ್ದೆ ಮಾಡಿದಳು, ನಾನು ನೋಡಿ ಒಂದನ್ನು ಆರಿಸಿಕೊಂಡೆ. ಒಂದೇ ಅಳತೆಯ ಎರಡು ಕೊಡದ ಮೇಲೆ ಮೆತ್ತಿ ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆವು. ಎಷ್ಟು ಕುಟ್ಟಿದರೂ ಅಲ್ಲಲ್ಲಿ ಕೆಂಪು, ಹಸಿರು ಚೂರು ಕಾಣುತ್ತಿತ್ತು.

ಸೋಮವಾರ ಪಂಚರು ಬಂದರು. ಭಾವ ಟ್ರಂಕು ತೆಗೆದು ನೋಡಿದರು, ಬರಿದು. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಎರಡೂ ಬುಟ್ಟಿ ತಂದು ಜಮಖಾನದ ಮೇಲಿಟ್ಟೆ.

"ಅರ್ಧ ಇದರಾಗ, ಅರ್ಧ ಅದರಾಗ ಅದಾವ ನೋಡ್ರಿ ಕಾಕಾ."

"ನಮ್ಮಪ್ಪನ ಜೀವಮಾನದ ಗಳಿಕಿ ಅದು!" ನಮ್ಮವರು ಕೂಗಾಡಿದರು. ಭಾವ ಕೂಗಲಿಲ್ಲ. ಒಂದು ಬುಟ್ಟಿಯನ್ನು ಎತ್ತಿ ಇನ್ನೊಂದರೊಳಗೆ ತುರುಕಿ ನೋಡಿದರು, ಯಾವುದು ದೊಡ್ಡದು ಎಂದು. ಹೋಗಲಿಲ್ಲ. ಅದರೊಳಗೆ ಇದನ್ನು ತುರುಕಿದರು. ಅದೂ ಹೋಗಲಿಲ್ಲ.

ಕಾಕಾ ಬೆರಳಿನಿಂದ ಬುಟ್ಟಿ ಬಡಿದು ನೋಡಿದರು. "ಸಮ ಅವ. ಗಟ್ಟಿನೂ ಅವ. ನಾವು ಐದು ಮಂದಿ ಕೂತು ಇಷ್ಟ ಸಮ ಮಾಡಿದ್ದಿಲ್ಲ ಬಿಡವಾ. ಹೂಂ, ಹೆಬ್ಬೆಟ್ಟು ಒತ್ತರಿ."

ಒತ್ತಿದರು. ಆ ಚೀಟಿಗಳಿಗೆ ನಿಜವಾಗಿ ಬೆಲೆ ಇತ್ತೋ ಏನೋ, ನಾನು ಈವತ್ತಿಗೂ ಯಾರನ್ನೂ ಕೇಳಿಲ್ಲ.

ಭಾವನವರ ಸಾಮಾನು ಬಂಡಿಯಲ್ಲಿ ಹೋಯಿತು. ನೆಗೆಣ್ಣಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದಳು. ನಾನು ಬಂದು ಹಳೆಯ ಒಲೆ ಒಡೆದು, ಮಣ್ಣು ಕಲಸಿ ಹೊಸದು ಹೂಡಿ, ಅದು ಆರುವ ಮೊದಲೇ ಹಚ್ಚಿದೆ. ಹಸಿ ಒಲೆ, ಮನೆ ತುಂಬ ಹೊಗೆ. ನಮ್ಮವರು ಕೆಮ್ಮುತ್ತ ಅಂಗಳಕ್ಕೆ ಓಡಿದರು. ನಾನು ಕಣ್ಣೀರು ಸುರಿಸುತ್ತ ನನಗೆ ತಿಳಿದ ಹಾಗೆ ಊದಿದೆ. ಹೀಗಲ್ಲ ಹಾಗೆ ಎನ್ನುವವರು ಯಾರೂ ಇರಲಿಲ್ಲ.