ಉಗ್ರಾಣದ ಬುಟ್ಟಿಯಲ್ಲಿ ಲಿಲ್ಲಿ ಗೆಡ್ಡೆ

ಎಲೆಯಿರುವ ಗಿಡ ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುತ್ತದೆ. ಗೆಡ್ಡೆಗೆ ಆ ಸೌಭಾಗ್ಯವಿಲ್ಲ. ಮಣ್ಣಿನಿಂದ ಕಿತ್ತು ನೆರಳಿನಲ್ಲಿ ಒಣಗಿಸಿಟ್ಟ ಲಿಲ್ಲಿ ಗೆಡ್ಡೆಯನ್ನು ನೋಡಿ, ಇದರೊಳಗೊಂದು ಪುಷ್ಪವೈಭವ ಅಡಗಿದೆಯೆಂದು ನಂಬಬೇಕಾದರೆ ಒಂದೋ ಭಕ್ತಿ ಬೇಕು, ಇಲ್ಲವೇ ನನ್ನಂಥ ಹುಚ್ಚು ಬೇಕು. ಕಾಪುವಿನ ಗೆಳೆಯರೊಬ್ಬರು ಯಾವುದೋ ಅಪರೂಪದ ತಳಿಯ ಬೀಜಗಳನ್ನು, ಸುಟ್ಟ ಕಾಗದದ ಚೂರಿನಂತೆ ತೆಳ್ಳಗೆ ಕಪ್ಪಗಿದ್ದವನ್ನು, ಪೊಟ್ಟಣ ಕಟ್ಟಿ ಕೊಟ್ಟಾಗ ಹೂವಿನ ಬಣ್ಣ ಯಾವುದೆಂದು ಕೇಳಿದೆ. "ಅರಳಿದ ಮೇಲೆ ನೀವೇ ಹೇಳಿ" ಎಂದು ನಕ್ಕರು. ಬೀಜದಿಂದ ಹೂವಿಗೆ ಮೂರು ನಾಲ್ಕು ವರ್ಷ. ಅಷ್ಟರೊಳಗೆ ನಮ್ಮ ಮಣಿಪಾಲಕ್ಕೆ ಇಂಜಿನಿಯರಿಂಗ್ ಓದಲು ಬಂದ ಮಕ್ಕಳು ಪದವಿ ಹೊತ್ತು ಹೊರಟೇಬಿಡುತ್ತಾರೆ. ನನ್ನ ಕುಂಡಗಳಲ್ಲಿ ಮಾತ್ರ ಎಲೆಯೇ ಎಲೆ.

ನಮ್ಮ ಕರಾವಳಿಯ ಮಳೆಗಾದರೋ ಗೆಡ್ಡೆಗಳ ಮೇಲೆ ಪ್ರೀತಿ ಹೆಚ್ಚು. ಅಪ್ಪಿಕೊಂಡರೆ ಕೊಳೆಸಿಯೇ ಬಿಡುವುದು. ಅರ್ಧಕ್ಕರ್ಧ ಹಾಗೆ ಹೋದವು. ಉಳಿದವನ್ನು ನಾಲ್ಕನೆಯ ವರ್ಷ ದೀಪಾವಳಿ ಕಳೆದ ಮೇಲೆ ಕಿತ್ತು, ಒರೆಸಿ, ಉಗ್ರಾಣದ ಬುಟ್ಟಿಯಲ್ಲಿ ನಿದ್ರೆಗೆ ಹಾಕಿದೆ.

ಆ ಚಳಿಗಾಲದಲ್ಲಿ ಕಾರ್ಕಳದಿಂದ ನನ್ನ ಸೋದರತ್ತೆ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದು ನಮ್ಮಲ್ಲೇ ಉಳಿದರು. ನನ್ನನ್ನು ಸಾಕಿದವರು. ಮಹಾ ಮಡಿವಂತೆ, ನೀರುಳ್ಳಿಯ ಹೆಸರೆತ್ತಿದರೂ ಬಾಯಿ ಮುಕ್ಕಳಿಸುವ ಪೈಕಿ. ಕಣ್ಣಿನ ಪಟ್ಟಿ ಬಿಚ್ಚಿದ ಮರುದಿನದಿಂದ ಅವರು ಊಟ ಬಿಟ್ಟರು. ಕೇಳಿದರೆ "ಹಸಿವಿಲ್ಲ ಮಗಾ" ಎನ್ನುವುದು, ಬಾಳೆಹಣ್ಣು ಎಳನೀರಿನಲ್ಲಿ ದಿನ ತಳ್ಳುವುದು. ಮುಖ ಇಷ್ಟೇ ಇಷ್ಟಾಯಿತು. "ನನ್ನ ಅಡುಗೆಯಲ್ಲಿ ಎಂತ ಕಮ್ಮಿ ಉಂಟು, ನೀವೇ ಕೇಳಿ" ಎಂದು ನನ್ನ ಹೆಂಡತಿ ಸುಧಾ ಕಣ್ಣೊರೆಸಿಕೊಂಡಳು. ಕೈತುತ್ತು ಹಾಕಿ ಬೆಳೆಸಿದವರು ನನ್ನ ಮನೆಯಲ್ಲಿ ಉಪವಾಸ ಕೂತರೆ ನಾನು ಉಂಡದ್ದು ಯಾವ ಸುಖಕ್ಕೆ, ಹೇಳಿ!

ಹೀಗಿರುತ್ತ ಒಂದು ದಿನ ಅಕ್ಕಿ ತೆಗೆಯಲು ಉಗ್ರಾಣಕ್ಕೆ ಹೋದವನು ನೋಡುತ್ತೇನೆ, ಮಣ್ಣಿಲ್ಲದೆ ನೀರಿಲ್ಲದೆ ಒಂದು ಗೆಡ್ಡೆ ಮೊಗ್ಗು ನೂಕಿದೆ! ಅತ್ತೆಗಾದರೂ ತೋರಿಸೋಣವೆಂದು ಓಡಿಬಂದು ಅವರ ಮೂಗಿನ ಮುಂದೆ ಹಿಡಿದೆ.

"ಅಯ್ಯೋ, ದೂರ ಇಡು! ಬುಟ್ಟಿ ತುಂಬ ನೀರುಳ್ಳಿ ತಂದಿಟ್ಟದ್ದಲ್ಲದೆ ಈಗ ಮುಖಕ್ಕೇ ತರ್ತೀಯಲ್ಲ! ಸುಧಾಗೆ ಬೇಜಾರಾದೀತು ಅಂತ ನಾನು ಬಾಯಿ ಮುಚ್ಚಿಕೊಂಡದ್ದು."

ಪೊರೆ ಕಳಚಿದ ಕಣ್ಣಿಗೆ ನಮ್ಮ ಮನೆಯಲ್ಲಿ ಮೊದಲು ಸ್ಪಷ್ಟವಾಗಿ ಕಂಡದ್ದು ಆ ಬುಟ್ಟಿ! ಇದು ಹೂವಿನ ಗೆಡ್ಡೆ ಅತ್ತೆ, ಮೊಗ್ಗು ನೋಡಿ ಎಂದು ಅಂಗಲಾಚಿದೆ. "ನೀರುಳ್ಳಿಗೂ ಹೂ ಬರ್ತದೆ, ನನಗೆ ಕಲಿಸಬೇಡ" ಎಂದರು. ಈ ತರ್ಕಕ್ಕೆ ಯಾವ ಪಂಡಿತನಲ್ಲೂ ಖಂಡನೆಯಿಲ್ಲ.

ಗೆಡ್ಡೆಯನ್ನು ಕುಂಡದಲ್ಲಿ ನೆಟ್ಟು ಅತ್ತೆ ಕೂರುವ ಜಗಲಿಯಲ್ಲೇ ಇಟ್ಟೆ. ವರ್ಷಗಟ್ಟಲೆ ಯಾವ ಬಣ್ಣವೋ ಎಂದು ಕನಸು ಕಂಡವನಿಗೆ ಈಗ ಬಣ್ಣ ಯಾವುದಾದರೂ ಆದೀತು, ಅತ್ತೆ ಒಂದು ತುತ್ತು ಉಂಡರೆ ಸಾಕಾಗಿತ್ತು. ದಂಟು ನಿಧಾನವಾಗಿ ಏರಿತು. ಅತ್ತೆ ಸೊರಗುತ್ತಲೇ ಇದ್ದರು. ಒಂದು ಬೆಳಿಗ್ಗೆ ಅರಳಿತು ನೋಡಿ, ಅಂಗೈಯಗಲದ ಬಿಳಿ ಎಸಳುಗಳು, ಒಂದೊಂದರ ನಡುವೆಯೂ ಕುಂಕುಮದ ಗೀರು. ಅತ್ತೆ ಬಗ್ಗಿ, ಹಳೆಯ ಕಣ್ಣಿನಿಂದೊಮ್ಮೆ ಹೊಸ ಕಣ್ಣಿನಿಂದೊಮ್ಮೆ ಪರೀಕ್ಷಿಸಿ, ಮೂಸಿಯೂ ನೋಡಿದರು.

"ಅಲ್ಲ ಮಾರಾಯ, ಇದು ನೀರುಳ್ಳಿ ಅಲ್ಲ."

ಅಬ್ಬ! ಹೋದ ಜೀವ ಬಂತು. ಸುಧಾ ಆಗಲೇ ಒಲೆಯ ಕಡೆ ಓಡಿದ್ದಳು.

ಮಧ್ಯಾಹ್ನ ಅತ್ತೆ ಅನ್ನ ಕಲಸುತ್ತಾ ತಗ್ಗಿದ ದನಿಯಲ್ಲಿ ಹೇಳಿದರು: "ಪೇಟೆಯಲ್ಲಿ ನೀನು ಕರಿದ ನೀರುಳ್ಳಿ ಬಜೆ ತಿನ್ನುವುದು ನನಗೆ ಗೊತ್ತುಂಟು. ಅದು ಪೇಟೆಯಲ್ಲೇ ಇರಲಿ. ಇವಳ ಒಲೆಗೂ ಬಂತಾ ಎಂತ ಅಂತ ಹೆದರಿದ್ದು."

ಅತ್ತೆ ಅನ್ನದ ನಡುವೆ ಗುಳಿ ಮಾಡಿಕೊಂಡು ಗಟ್ಟಿಯಾಗಿ ಕರೆದರು: "ಸುಧಾ, ಇನ್ನೊಂದು ಸೌಟು ಸಾರು ಹಾಕು."